ಸೊಸೆಯ ಹೆಸರು ಬರೆದೆ: ನಾನು ಲಿವಿಂಗ್ ವಿಲ್ ಮಾಡಿಸಿದ ಅನುಭವ

ಆಯಿ, ಅಂದರೆ ನನ್ನ ಅಮ್ಮ, ಹೋಗಿದ್ದು 2019ರಲ್ಲಿ. 81 ವರ್ಷವಾಗಿತ್ತು. ಮೆದುಳಿನಲ್ಲಿ ರಕ್ತಸ್ರಾವವಾಗಿ 19 ದಿನ ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಇದ್ದಳು. ನಳಿಕೆ ಕಿತ್ತುಕೊಂಡಾಳು ಅಂತ ಎರಡೂ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ದಿನಾ ಸಂಜೆ ದೀಪ ಹಚ್ಚಿ "ಅನಾಯಾಸೇನ ಮರಣಂ" ಅಂತ ಬೇಡಿಕೊಳ್ಳುತ್ತಿದ್ದವಳು ಅವಳು.

ಇನ್ನು ಗುಣವಾಗುವುದಿಲ್ಲ, ಏನು ಮಾಡೋಣ ಅಂತ ವೈದ್ಯರು ಕೇಳಿದರು. ನಾವು ನಾಲ್ಕು ಜನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಾಕು ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಅಂದವರೇ ಆಯಿಯನ್ನು ಸಾಯಿಸಿದ ಹಾಗೆ ಅಂತ ಎಲ್ಲರ ಮನಸ್ಸಿನಲ್ಲೂ ಇತ್ತು. ಕಟ್ಟಿದ್ದ ಆ ಕೈಗಳು ನನಗೆ ಈಗಲೂ ಕಣ್ಣಿಗೆ ಬರುತ್ತವೆ.

ನನ್ನ ತವರು ಹೊನ್ನಾವರದ ಕಡೆ. ಹಳದೀಪುರದ ಅರುಣಾ ಶಾನಭಾಗರ ಕಥೆ ಕೇಳಿಕೊಂಡೇ ಬೆಳೆದವಳು ನಾನು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅವರ ಮೇಲೆ ದಾಳಿ ಆಯಿತು. ಆಮೇಲೆ 2015ರಲ್ಲಿ ಕಣ್ಣು ಮುಚ್ಚುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ದಯಾಮರಣ ಬೇಕೆಂಬ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಷ್ಟು ವರ್ಷ ಅವರನ್ನು ನೋಡಿಕೊಂಡ ನರ್ಸ್‌ಗಳ ಪ್ರೀತಿ ದೊಡ್ಡದು. ಆದರೆ ಅರುಣಾಗೆ ಏನು ಬೇಕಿತ್ತು ಅಂತ ಹೇಳುವ ಒಂದು ಸಾಲೂ ಯಾರ ಹತ್ತಿರವೂ ಇರಲಿಲ್ಲ, ಅಲ್ವಾ? ನಮ್ಮ ಆಯಿಯದೂ ಇರಲಿಲ್ಲ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಲಿವಿಂಗ್ ವಿಲ್‌ಗೆ, ಅಂದರೆ ಮುಂದೆ ನಮಗೆ ಹೇಳಲು ಆಗದಿದ್ದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಕಾಗದಕ್ಕೆ, ಮಾನ್ಯತೆ ಕೊಟ್ಟಿತು. ಆಗ ಅದಕ್ಕೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. 2025ರ ಜನವರಿ ಕೊನೆಗೆ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಇದಕ್ಕಾಗಿ ಎಷ್ಟೋ ವರ್ಷ ಹೋರಾಡಿದ್ದರು. ಅವರ ಸುದ್ದಿ ಓದಿದ ವಾರವೇ ನಾನು ಬರೆಯಲು ಕೂತೆ. ನನಗಾಗ 67.

ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಅಪರಾಧ. ನಾನು ಕೇಳಿದ್ದು ಅದನ್ನಲ್ಲ. ಗುಣವಾಗುವ ದಾರಿಯೇ ಇಲ್ಲದಾಗ, ಸಾವನ್ನು ಸುಮ್ನೆ ಎಳೆಯುವ ಚಿಕಿತ್ಸೆ ಬೇಡ ಅನ್ನುವುದು ಮಾತ್ರ.

ಮೊದಲ ಸಲ "ನನ್ನನ್ನು ಗೌರವದಿಂದ ಸಾಯಲು ಬಿಡಿ" ಅಂತ ಬರೆದು ನಮ್ಮ ಮನೆ ಡಾಕ್ಟರಿಗೆ ತೋರಿಸಿದೆ. "ಅಕ್ಕಾ, ರಾತ್ರಿ ಎರಡು ಗಂಟೆಗೆ ಇದನ್ನು ಓದಿದ ಡಾಕ್ಟರಿಗೆ ಏನು ಮಾಡಬೇಕು ಅಂತ ಗೊತ್ತಾಗಲ್ಲ" ಅಂದರು. ನ್ಯುಮೋನಿಯಾ ಬಂದು ನಾಲ್ಕು ದಿನ ವೆಂಟಿಲೇಟರ್ ಹಾಕಿದರೆ ನಾನು ಎದ್ದು ಮನೆಗೆ ಬರಬಹುದು. ಅದನ್ನೂ ಬೇಡ ಅನ್ನುತ್ತೀರಾ ಅಂತ ಕೇಳಿದರು. ನಾನು ಆ ಯೋಚನೆಯನ್ನೇ ಮಾಡಿರಲಿಲ್ಲ.

ಹಾಗಾಗಿ ಬಿಡಿಸಿ ಬರೆದೆ, ಕನ್ನಡದಲ್ಲೇ. ಚೇತರಿಸಿಕೊಳ್ಳುವ ಭರವಸೆ ಇದ್ದರೆ ಎಲ್ಲ ಚಿಕಿತ್ಸೆ ಕೊಡಿ. ಭರವಸೆ ಇಲ್ಲ, ನನಗೆ ಮಾತಾಡಿ ಹೇಳಲೂ ಆಗುತ್ತಿಲ್ಲ ಅಂತಾದರೆ ವೆಂಟಿಲೇಟರ್ ಬೇಡ, ಡಯಾಲಿಸಿಸ್ ಬೇಡ, ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ಶುರುಮಾಡುವುದು ಬೇಡ, ಮೂಗಿನ ನಳಿಕೆಯಲ್ಲಿ ಊಟ ಬೇಡ. ನೋವಿಗೆ ಮಾತ್ರ ಔಷಧಿ ಕೊಡಿ, ಅದರಿಂದ ಮಂಪರು ಜಾಸ್ತಿ ಆದರೂ ಅಡ್ಡಿಯಿಲ್ಲ. ಸಾಧ್ಯವಾದರೆ ಮನೆಗೆ ಕರೆದುಕೊಂಡು ಬನ್ನಿ. ಕೈ ಕಟ್ಟಬೇಡಿ.

ಇದಕ್ಕಿಂತ ಕಷ್ಟವಾಗಿದ್ದು, ನನ್ನ ಪರವಾಗಿ ಮಾತಾಡುವವರು ಯಾರು ಅನ್ನುವುದು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ನಾನು ಸೊಸೆಯ ಮತ್ತು ನನ್ನ ತಮ್ಮನ ಹೆಸರು ಬರೆದೆ. ಮಗನದು ಬರೆಯಲಿಲ್ಲ.

"ಅಮ್ಮಾ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂದ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ನಂಬಿಕೆ ಇದೆ ಮಗಾ. ಆದರೆ ಸಾಕು ಅನ್ನುವುದು ನಿನ್ನ ಕೈಲಿ ಆಗುವುದಿಲ್ಲ. ಆಯಿ ವಿಷಯದಲ್ಲಿ ನನ್ನ ಕೈಲೇ ಆಗಲಿಲ್ಲವಲ್ಲ" ಅಂದೆ. ಸೊಸೆ ತನ್ನ ಅಪ್ಪನನ್ನು ಕ್ಯಾನ್ಸರ್‌ನ ಕೊನೆಯ ತಿಂಗಳುಗಳಲ್ಲಿ ಮನೆಯಲ್ಲೇ ನೋಡಿಕೊಂಡವಳು. ಮಾರ್ಫಿನ್ ಮಾತ್ರೆ ಹೊತ್ತುಹೊತ್ತಿಗೆ ಕೊಟ್ಟವಳು. ಅವಳು ಹೆದರುವುದಿಲ್ಲ ಅಂತ ನನಗೆ ಗೊತ್ತಿತ್ತು. ಕೇಳಿದಾಗ ಅವಳು ಅತ್ತಳು, ಆಮೇಲೆ "ಆಯ್ತು ಅತ್ತೆ" ಅಂದಳು.

ಸಾಕ್ಷಿ ಹಾಕಿದ್ದು ಪಕ್ಕದ ಮನೆಯ ದಂಪತಿ. ನನ್ನ ಆಸ್ತಿಗೂ ಅವರಿಗೂ ಸಂಬಂಧವಿಲ್ಲ, ಅದಕ್ಕೇ ಅವರನ್ನು ಕೇಳಿದ್ದು. ನೋಟರಿ ಮೊದಲು ಆಸ್ತಿ ವಿಲ್ ಅಂದುಕೊಂಡರು. ಓದಿದ ಮೇಲೆ ಸಾಕ್ಷಿಗಳ ಮುಂದೆಯೇ ಯಾರಾದರೂ ಒತ್ತಾಯ ಮಾಡಿದ್ದಾರಾ ಅಂತ ನನ್ನನ್ನು ಎರಡು ಸಲ ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಕಚೇರಿಗೆ ಕೊಡಬೇಕು. ಅಲ್ಲಿ ಯಾರಿಗೂ ಇದರ ವಿಷಯ ಗೊತ್ತಿರಲಿಲ್ಲ. ಮೂರನೇ ಸಲ ಆದೇಶದ ಪ್ರತಿ ಹಿಡಿದುಕೊಂಡು ಹೋದೆ, ಆಗ ಸೀಲು ಬಿತ್ತು. ಸೊಸೆಗೆ, ತಮ್ಮನಿಗೆ, ಡಾಕ್ಟರಿಗೆ ಒಂದೊಂದು ಪ್ರತಿ ಕೊಟ್ಟೆ.

ಈ ಕಾಗದ ತೋರಿಸಿದ ಕೂಡಲೇ ಯಂತ್ರ ನಿಲ್ಲಿಸಿಬಿಡುತ್ತಾರೆ ಅಂತ ನನ್ನ ತಂಗಿ ಹೆದರಿದ್ದಳು. ಹಾಗಲ್ಲ. ಆಸ್ಪತ್ರೆಯಲ್ಲಿ ಮೂವರು ವೈದ್ಯರ ಮಂಡಳಿ ನೋಡಬೇಕು. ಆಮೇಲೆ ಎರಡನೇ ಮಂಡಳಿ ಕೂಡ ಒಪ್ಪಬೇಕು. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುತ್ತಾರೆ. ಒಂದೊಂದು ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ತೀರ್ಮಾನ ಹೇಳಬೇಕು. ನಾನು ಹೆಸರಿಸಿದವರ ಒಪ್ಪಿಗೆಯೂ ಬೇಕು. ಚಿಕಿತ್ಸೆ ನಿಲ್ಲಿಸುವ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನನಗೆ ಪ್ರಜ್ಞೆ ಇದ್ದು ತೀರ್ಮಾನ ಮಾಡುವ ಶಕ್ತಿ ಇದ್ದರೆ ನನ್ನ ಬಾಯಿಮಾತೇ ನಡೆಯುತ್ತದೆ, ಕಾಗದ ತೆಗೆಯುವ ಪ್ರಶ್ನೆಯೇ ಬರುವುದಿಲ್ಲ.

ಆರು ತಿಂಗಳಾದ ಮೇಲೆ ಒಂದು ರಾತ್ರಿ ಮಗ ಬಂದು ಪಕ್ಕದಲ್ಲಿ ಕೂತ. "ಒಂದು ಸಾಲು ಸೇರಿಸ್ತೀಯಾ? ನಾನು ಎಲ್ಲೇ ಇದ್ದರೂ ಬರುವವರೆಗೆ ಕಾಯಬೇಕು ಅಂತ" ಅಂದ. ಬದಲಾವಣೆ ಮಾಡಬಹುದು, ಆದರೆ ಸಾಕ್ಷಿ, ನೋಟರಿ ಎಲ್ಲ ಮತ್ತೆ ಮೊದಲಿನಿಂದ ಆಗಬೇಕು. ಪೂರ್ತಿ ಹೊಸದಾಗಿ ಬರೆದೆ. ಅವನು ಬರಲು ಒಂದು ದಿನ ಕಾಯಿರಿ ಅಂತ ಸೇರಿಸಿದೆ. ಈ ಸಲ ನೋಟರಿ ಹತ್ತಿರ ಸ್ಕೂಟರಲ್ಲಿ ಕರೆದುಕೊಂಡು ಹೋಗಿದ್ದು ಅವನೇ. ನಾನು ಸಹಿ ಹಾಕಿ ಬರುವವರೆಗೆ ಹೊರಗೆ ಮರದ ಕೆಳಗೆ ನಿಂತಿದ್ದ.