ಸಿಆರ್‌ಪಿ, ಇಎಸ್‌ಆರ್ ರಿಪೋರ್ಟ್ ಓದುವುದು ಹೇಗೆ?

ಮಂಡ್ಯ ಕಡೆ ಕಬ್ಬು ಕಡಿಯುವಾಗ ಕಾಲಿಗೆ ಮಚ್ಚು ತಗುಲುತ್ತದೆ. ಎರಡು ದಿನದಲ್ಲಿ ಗಾಯ ಊದಿ ಜ್ವರ ಬರುತ್ತದೆ. ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ರಿಪೋರ್ಟಿನಲ್ಲಿ ‘ಸಿಆರ್‌ಪಿ 48’ ಅಂತ ದಪ್ಪಕ್ಷರದಲ್ಲಿ ಕಂಡರೆ ಯಾರಿಗಾದರೂ ಗಾಬರಿಯೇ, ಅಲ್ವಾ? ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಹೆಚ್ಚಿದ್ದರೆ ಮೈಯಲ್ಲಿ ಉರಿಯೂತ, ಅಂದರೆ ಸೋಂಕಿಗೋ ಗಾಯಕ್ಕೋ ಮೈ ತೋರುವ ಪ್ರತಿಕ್ರಿಯೆ, ಇದೆ ಅನ್ನುವುದಷ್ಟೇ ಅದರ ಅರ್ಥ. ಯಾವ ಕಾಯಿಲೆ ಅಂತ ಆ ಅಂಕಿ ಹೇಳುವುದಿಲ್ಲ.

ಮೊದಲು ಅಂಕಿಯ ಪಕ್ಕದ ಅಳತೆ ನೋಡಿ. ಕೆಲವು ಲ್ಯಾಬ್‌ಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಬರೆಯುತ್ತವೆ, ಕೆಲವು ಡೆಸಿಲೀಟರಿಗೆ. ಒಂದರಲ್ಲಿ 48 ಇದ್ದದ್ದು ಇನ್ನೊಂದರಲ್ಲಿ 4.8. ಎರಡೂ ಒಂದೇ! ಲ್ಯಾಬ್ ಬದಲಿಸಿದ ಮೇಲೆ ‘ಕಡಿಮೆಯಾಯ್ತು’ ಅಂತ ಮಾತ್ರೆ ನಿಲ್ಲಿಸಬೇಡಿ.

ಆಮೇಲೆ ರಕ್ತ ಕೊಟ್ಟ ಹೊತ್ತು ನೋಡಿ. ಸಿಆರ್‌ಪಿ ಪಿತ್ತಜನಕಾಂಗದಲ್ಲಿ ತಯಾರಾಗುವ ಪ್ರೋಟೀನು. ಸೋಂಕು ತಗುಲಿ 6–8 ಗಂಟೆ ಆದ ಮೇಲೆ ಏರಲು ಶುರುವಾಗಿ, ಸುಮಾರು 48 ಗಂಟೆಗೆ ತುದಿ ಮುಟ್ಟುತ್ತದೆ. ಹಾಗಾಗಿ ಜ್ವರ ಬಂದ ಕೂಡಲೇ ಮಾಡಿಸಿದ ರಿಪೋರ್ಟ್ ನಾರ್ಮಲ್ ಇದ್ದರೂ ನಿಶ್ಚಿಂತೆಯಿಂದ ಕೂರುವಂತಿಲ್ಲ. ಕಾರಣ ಹೋದರೆ ಸುಮಾರು 19 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ತಿಳಿಯಲು ಡಾಕ್ಟರು ಮತ್ತೆ ಪರೀಕ್ಷೆ ಮಾಡಿಸುವುದು ಇದಕ್ಕೇ. ನನ್ನ ಪ್ರಕಾರ ಒಂಟಿ ಅಂಕಿಗಿಂತ ಈ ಏರಿಳಿತವೇ ಮುಖ್ಯ.

ಇಎಸ್‌ಆರ್ ಕೂಡ ಉರಿಯೂತ ತೋರಿಸುವ ಪರೀಕ್ಷೆಯೇ, ಆದರೆ ನಿಧಾನದ್ದು. ರಕ್ತವನ್ನು ಉದ್ದನೆ ಕೊಳವೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣ ಎಷ್ಟು ಮಿಲಿಮೀಟರ್ ಕೆಳಗಿಳಿಯಿತು ಅಂತ ನೋಡುತ್ತಾರೆ. ಉರಿಯೂತದಲ್ಲಿ ಫೈಬ್ರಿನೋಜೆನ್ ಅನ್ನುವ ಪ್ರೋಟೀನು ಜಾಸ್ತಿಯಾಗಿ, ಕಣಗಳು ಪೇರಿಸಿದ ನಾಣ್ಯಗಳ ಹಾಗೆ ಒಂದಕ್ಕೊಂದು ಅಂಟಿ ಬೇಗ ಇಳಿಯುತ್ತವೆ. ಗುಣವಾದ ಮೇಲೂ ಇದು ಕೆಲವು ವಾರ ಹೆಚ್ಚೇ ಇರಬಹುದು. ರಕ್ತಹೀನತೆ, ಬಸಿರು, ವಯಸ್ಸು, ಇವುಗಳಿಂದಲೂ ಏರುತ್ತದೆ. ಪಕ್ಕದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡಲೇಬೇಕು.

ರಿಪೋರ್ಟಿನಲ್ಲಿ ಫೆರಿಟಿನ್ ಪರೀಕ್ಷೆಯೂ ಇದ್ದರೆ ಇನ್ನೂ ಹುಷಾರು. ಅದು ಕಬ್ಬಿಣಾಂಶದ ದಾಸ್ತಾನು ತೋರಿಸುತ್ತದೆ, ಆದರೆ ಉರಿಯೂತದಲ್ಲಿ ತಾನೇ ಏರಿಬಿಡುತ್ತದೆ. ಕಬ್ಬಿಣ ಕಡಿಮೆ ಇರುವ ಹೆಣ್ಣುಮಗಳಿಗೂ ‘ನಾರ್ಮಲ್’ ಅಂತ ಬರಬಹುದು. ಸುಸ್ತು ಹೋಗದಿದ್ದರೆ ಡಾಕ್ಟರ ಹತ್ತಿರ ಇದನ್ನು ಕೇಳಿ.

ಹಳೇ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಆದರೆ ಗಾಯದ ಕೆಂಪು ಮೇಲಕ್ಕೆ ಹರಡುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ, ಮಾತು ತಡವರಿಸುತ್ತಿದ್ದರೆ ರಿಪೋರ್ಟಿಗೆ ಕಾಯಬೇಡಿ. ಮಂಡ್ಯದವರು ಮಿಮ್ಸ್‌ಗೆ, ಮೈಸೂರಿನವರು ಕೆ.ಆರ್. ಆಸ್ಪತ್ರೆಗೆ, ಇಲ್ಲವೇ ಹತ್ತಿರದ ಯಾವುದೇ ದೊಡ್ಡಾಸ್ಪತ್ರೆಗೆ ಕೂಡಲೇ ಹೋಗಿ.