ಜಪಾನ್‌ನಿಂದ ಪೋಕೆಮಾನ್ ಕಾರ್ಡ್ ತರುವ ಮುಂಚೆ

"ಹುಡುಗ ದಿನಾ ತಲೆ ತಿಂತಾನೆ ಕಣೇ. ಬರುವಾಗ ಒಂದು ಡಬ್ಬಿ ಪೋಕೆಮಾನ್ ಕಾರ್ಡ್ ತಗೊಂಡ್ ಬಾರೇ." ತೀರ್ಥಹಳ್ಳಿಯಿಂದ ಅಕ್ಕ ಫೋನ್ ಮಾಡಿ ಹೀಗಂದಾಗ ನಾನು ಆಯ್ತು ಅಂದುಬಿಟ್ಟೆ. ನಾವಿರುವುದು ಟೋಕಿಯೊದ ನಿಶಿಕಸಾಯಿಯಲ್ಲಿ. ಇಲ್ಲಿ ನಮ್ಮ ದೇಶದವರು ಜಾಸ್ತಿ. ನನ್ನ ಮಗ ಎರಡು ವರ್ಷದಿಂದ ಪೋಕೆಮಾನ್ ಅನ್ನುವ ಕಾರ್ಟೂನ್ ಪ್ರಾಣಿಗಳ ಚಿತ್ರವಿರುವ ಈ ಕಾರ್ಡಿನ ಆಟ ಆಡುತ್ತಿದ್ದಾನೆ, ಅವನ ಜೊತೆ ಕೂತು ನಾನೂ ಕಲಿತೆ. ಊರಿಗೆ ಹೊರಡುವ ಗೆಳತಿಯರು ಈಗ ನನ್ನನ್ನೇ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು ಮಗುವನ್ನು ಒಂದು ಮಾತು ಕೇಳಿ: ಆಡಲು ಬೇಕಾ, ಕೂಡಿಸಿಡಲು ಬೇಕಾ? ಇಂಗ್ಲಿಷ್ ಕಾರ್ಡಿನಲ್ಲಿ ನಡೆಯುವ ಅಧಿಕೃತ ಪಂದ್ಯಗಳಲ್ಲಿ ಜಪಾನೀ ಕಾರ್ಡ್ ನಡೆಯುವುದಿಲ್ಲ. ಹಿಂಬದಿಯ ಚಿತ್ರವೇ ಬೇರೆ, ಬರಹ ಪೂರ್ತಿ ಜಪಾನೀ. ಮನೆಯಲ್ಲಿ ಅಣ್ಣತಮ್ಮ ಆಡಿಕೊಳ್ಳಲು ತೊಂದರೆಯಿಲ್ಲ. ಪಂದ್ಯಕ್ಕೆ ಹೋಗುವ ಮಗುವಾದರೆ ಇಲ್ಲಿಂದ ತರುವುದೇ ಬೇಡ. ಇನ್ನೊಂದು, ಆಟಕ್ಕೆ 60 ಕಾರ್ಡಿನ ಕಟ್ಟು, ಅಂದರೆ ಡೆಕ್ ಬೇಕು. ಒಳಗೆ ಯಾವ ಕಾರ್ಡ್ ಇದೆ ಅಂತ ಗೊತ್ತಿಲ್ಲದ ಬೂಸ್ಟರ್ ಪ್ಯಾಕ್ ಎಷ್ಟು ಒಡೆದರೂ ಅದು ತಾನಾಗಿ ಹೊಂದುವುದಿಲ್ಲ. ಹೊಸದಾಗಿ ಕಲಿಯುವವನಿಗೆ ಮೊದಲು ಆಡಲು ಸಿದ್ಧವಾಗಿ ಬರುವ ಸ್ಟಾರ್ಟರ್ ಡೆಕ್ ಕೊಡಿಸಿ.

ಈಗ ಲೆಕ್ಕಕ್ಕೆ ಬರೋಣ. ಇಂಗ್ಲಿಷ್ ಬೂಸ್ಟರ್ ಬಾಕ್ಸ್‌ನಲ್ಲಿ 36 ಪ್ಯಾಕ್, ಪ್ಯಾಕಿಗೆ 10 ಕಾರ್ಡ್. ಜಪಾನಿನ ಮಾಮೂಲಿ ಬಾಕ್ಸ್ ಚಿಕ್ಕದು: 30 ಪ್ಯಾಕ್, ಪ್ಯಾಕಿಗೆ 5 ಕಾರ್ಡ್, ಅಂದರೆ ಒಟ್ಟು 150. 2023ರಿಂದ 2025ರವರೆಗೆ ಬಂದ ಸ್ಕಾರ್ಲೆಟ್ ಮತ್ತು ವಯಲೆಟ್ ಅನ್ನುವ ಸರಣಿಯ ಕಾಲದಲ್ಲಿ ಮಾಮೂಲಿ ಪ್ಯಾಕಿಗೆ 180 ಯೆನ್, ಬಾಕ್ಸ್‌ಗೆ 5,400 ಇತ್ತು. ಎಲ್ಲ ಸೆಟ್‌ಗೂ (ಒಂದು ಹೆಸರಿನಲ್ಲಿ ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಗುಂಪು) ಇದೇ ಲೆಕ್ಕ ಅಂದುಕೊಳ್ಳಬೇಡಿ. 2023ರ ಜೂನ್‌ನಲ್ಲಿ ಬಂದ 151 ಸೆಟ್‌ನಲ್ಲಿ 20 ಪ್ಯಾಕ್, ಪ್ಯಾಕಿಗೆ 7 ಕಾರ್ಡ್. ವರ್ಷದ ಕೊನೆಗೆ ಬರುವ ಹೈ ಕ್ಲಾಸ್ ಪ್ಯಾಕ್ ಅನ್ನುವ ವಿಶೇಷ ಸೆಟ್ ಇನ್ನೂ ಬೇರೆ. 2023ರ ಡಿಸೆಂಬರ್‌ನ ಶೈನಿ ಟ್ರೆಷರ್‌ನಲ್ಲಿ 10 ಪ್ಯಾಕ್, ಪ್ಯಾಕಿಗೆ 10 ಕಾರ್ಡ್, ಪ್ಯಾಕಿನ ಬೆಲೆ 550 ಯೆನ್. ಆದ್ದರಿಂದ ಬಾಕ್ಸ್ ಎಷ್ಟು ಅಂತ ಮಾತ್ರ ಕೇಳಬೇಡಿ. ಒಳಗೆ ಎಷ್ಟು ಪ್ಯಾಕ್, ಪ್ಯಾಕಿನಲ್ಲಿ ಎಷ್ಟು ಕಾರ್ಡ್ ಅಂತ ಕೇಳಿಕೊಳ್ಳಿ. ಅಂಗಡಿಯ ಬೆಲೆ ಕಂಪನಿ ಹೇಳಿದ ಬೆಲೆಗಿಂತ ಎಷ್ಟು ಮೇಲಿದೆ ಅನ್ನುವುದು ಆಗಲೇ ಗೊತ್ತಾಗುವುದು.

ನಾನು ಹಣ ಕಳೆದುಕೊಂಡದ್ದು ಬಿಡಿ ಪ್ಯಾಕ್‌ಗಳಲ್ಲಿ. ಹಳೆ ಸಾಮಾನು ಮಾರುವ ಒಂದು ಆ್ಯಪ್‌ನಲ್ಲಿ 25 ಪ್ಯಾಕ್ ಒಟ್ಟಿಗೆ ಕಂಡವು. ಬೆಲೆ ಅಂಗಡಿಗಿಂತ ಸ್ವಲ್ಪ ಕಡಿಮೆ. ಮಗನ ಹುಟ್ಟುಹಬ್ಬಕ್ಕೆ ತರಿಸಿದೆ. ಅವನು ಒಂದೊಂದೇ ಒಡೆದ, 25ರಲ್ಲಿ ಒಂದೂ ಅಪರೂಪದ ಕಾರ್ಡ್ ಬರಲಿಲ್ಲ. ಅವನು ಏನೂ ಅನ್ನಲಿಲ್ಲ. ಅವನ ಮುಖ ನೋಡಿ ನನಗೇ ಅಳು ಬಂತು.

ಕಾರಣ ಆಮೇಲೆ ತಿಳಿಯಿತು. ಜಪಾನೀ ಕಾರ್ಡಿನ ಕೆಳಗೆ ಎಡಗಡೆ ಅದು ಎಷ್ಟು ಅಪರೂಪ ಅಂತ ತಿಳಿಸುವ ಅಕ್ಷರ ಇರುತ್ತದೆ: ಸಿ, ಯು, ಆರ್, ಆಮೇಲೆ ಅಪರೂಪದ ಎಆರ್, ಎಸ್ಆರ್, ಎಸ್ಎಆರ್. ಮಾಮೂಲಿ ಬಾಕ್ಸ್ ಒಂದರಲ್ಲಿ ಎಸ್ಆರ್ ಅಥವಾ ಅದಕ್ಕಿಂತ ಮೇಲಿನದು ಸಾಮಾನ್ಯವಾಗಿ ಒಂದು ಇದ್ದೇ ಇರುತ್ತದೆ. ಬಾಕ್ಸ್ ಒಡೆದವರೆಲ್ಲರ ಅನುಭವ ಇದು. ಈಗ ಯೋಚಿಸಿ. ಒಬ್ಬ ಬಾಕ್ಸ್ ತೆರೆದು ಪ್ಯಾಕ್ ಒಡೆಯುತ್ತಾ ಹೋಗುತ್ತಾನೆ. ಐದನೆಯದರಲ್ಲೇ ಆ ಕಾರ್ಡ್ ಸಿಕ್ಕಿತು. ಉಳಿದ 25ರಲ್ಲಿ ಅಂಥದ್ದು ಇನ್ನೊಂದು ಇರುವುದು ಕಷ್ಟ ಅಂತ ಅವನಿಗೆ ಗೊತ್ತು. ಅವನ್ನು ಹೊಸ ಪ್ಯಾಕ್ ಅಂತ ಮಾರಿಬಿಡುತ್ತಾನೆ. ಪ್ಯಾಕ್ ಹರಿದಿಲ್ಲ, ನಕಲಿಯೂ ಅಲ್ಲ, ಸುಳ್ಳನ್ನೂ ಹೇಳಿಲ್ಲ. ಆದರೆ ಕೊಂಡ ಮಗುವಿಗೆ ಏನೂ ಸಿಗುವುದಿಲ್ಲ. ಗೊತ್ತಿಲ್ಲದವರಿಂದ ಬಿಡಿ ಪ್ಯಾಕ್ ಯಾವತ್ತೂ ಕೊಳ್ಳಬೇಡಿ. ಹಳೆ ಕಾಲದ ಪ್ಯಾಕ್ ಆದರಂತೂ ಬೇಡವೇ ಬೇಡ. ಮಿರುಗುವ ಫಾಯಿಲ್ ಕಾರ್ಡ್ ಇರುವ ಪ್ಯಾಕ್ ತುಸು ಭಾರ, ಅವನ್ನು ತೂಕ ಮಾಡಿ ಭಾರದ್ದು ಇಟ್ಟುಕೊಂಡು ಹಗುರದ್ದು ಮಾರುವವರು ಇದ್ದಾರೆ.

ಐದಾರು ಪ್ಯಾಕ್ ಸಾಕು ಅನ್ನುವವರು ಬೀದಿ ಮೂಲೆಯ ಕೊಂಬಿನಿಯಲ್ಲೋ (ದಿನಬಳಕೆ ಸಾಮಾನಿನ ಸಣ್ಣ ಅಂಗಡಿ) ಪುಸ್ತಕದಂಗಡಿಯಲ್ಲೋ ಕೇಳಿ. ಅಲ್ಲಿ ಪ್ಯಾಕ್‌ಗಳು ಸಾಮಾನ್ಯವಾಗಿ ಕೌಂಟರ್ ಹಿಂದೆಯೇ ಇರುತ್ತವೆ, ಗಿರಾಕಿ ಮುಟ್ಟಿ ಆರಿಸಲು ಬಿಡುವುದಿಲ್ಲ. ಅದು ಒಳ್ಳೆಯದೇ ಅಲ್ವಾ?

ಸೀಲ್ ಆದ ಬಾಕ್ಸ್‌ಗೆ ಮೇಲೆ ತೆಳು ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಇಲ್ಲಿ ಅದನ್ನು ಶ್ರಿಂಕ್ ಅನ್ನುತ್ತಾರೆ. ಅದು ಬಿಗಿಯಾಗಿ ಕೂತಿರಬೇಕು. ಮೂಲೆಗಳಲ್ಲಿ ಸಡಿಲ, ಕರಗಿದ ಗುರುತು, ಅಂಟಿನ ಕಲೆ ಕಂಡರೆ ವಾಪಸ್ ಇಡಿ. ಪ್ಯಾಕ್‌ಗಳಲ್ಲಿ ಮೇಲೆ ಕೆಳಗೆ ಒತ್ತಿದ ಅಂಚು, ಹಿಂದಿನ ಉದ್ದ ಜೋಡಣೆ ನೋಡಿ. ಮತ್ತೆ ಅಂಟಿಸಿದ ಜಾಗ ಸುಕ್ಕಾಗಿರುತ್ತದೆ. ಇಲ್ಲಿ ಕೆಲವು ಅಂಗಡಿಗಳಲ್ಲಿ ಬಿಲ್ ಮಾಡುವಾಗ ಅವರೇ ಶ್ರಿಂಕ್ ಬಿಚ್ಚಿ ಕೊಡುತ್ತಾರೆ. ಗಾಬರಿ ಬೇಡ. ಕೊಂಡ ತಕ್ಷಣ ಹೆಚ್ಚು ಬೆಲೆಗೆ ಮಾರುವವರನ್ನು ತಡೆಯಲು ಹಾಗೆ ಮಾಡುತ್ತಾರೆ. ಒಡೆದು ಆಡುವ ಮಗುವಿಗೆ ಅದರಿಂದ ಏನೂ ನಷ್ಟವಿಲ್ಲ.

ಹೊಸ ಸೆಟ್ ಬಿಡುಗಡೆಯಾದ ದಿನ ಹೋಗಿ ಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಬೇಡಿಕೆಯ ಸೆಟ್‌ಗಳಿಗೆ ಮುಂಚೆಯೇ ಹೆಸರು ಕೊಡಬೇಕು, ಆಮೇಲೆ ಲಾಟರಿ ಎತ್ತುತ್ತಾರೆ. ಪ್ರವಾಸಕ್ಕೆ ಬಂದವರು ಆರೇಳು ತಿಂಗಳು ಹಳೆಯ ಸೆಟ್ ನೋಡಿ. ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು, ಪ್ರವಾಸಿಗಳಿಗೆ ತೆರಿಗೆ ವಿನಾಯಿತಿ ಇದೆಯಾ ಅಂತ ವಿಚಾರಿಸಿ. ಇಲ್ಲಿ ಮಾರಾಟ ತೆರಿಗೆ 10 ಶೇಕಡಾ, ಬಾಕ್ಸ್ ಕೊಳ್ಳುವಾಗ ಅದು ಸಣ್ಣ ಮೊತ್ತವಲ್ಲ.

ಮಗುವಿಗೆ ಬೇಕಿರುವುದು ಒಂದೇ ಒಂದು ಪಿಕಾಚು ಆದರೆ ಪ್ಯಾಕಿನ ಸಹವಾಸವೇ ಬೇಡ. ಟೋಕಿಯೊದ ಅಕಿಹಬಾರಾದಲ್ಲಿ ಬಿಡಿ ಕಾರ್ಡ್ ಮಾರುವ ಅಂಗಡಿಗಳು ಸಾಲುಸಾಲಾಗಿವೆ. ಗಾಜಿನ ಕಪಾಟಿನಲ್ಲಿ ಪ್ರತಿ ಕಾರ್ಡಿಗೂ ಬೆಲೆ ಬರೆದಿರುತ್ತಾರೆ. ಅಂಚು ಸವೆದ ಕಾರ್ಡ್ ಇನ್ನೂ ಅಗ್ಗ. ಅಕ್ಕನ ಮಗನಿಗೆ ನಾನು ಕೊನೆಗೆ ಒಯ್ದದ್ದು ಐದು ಪ್ಯಾಕ್, ಅವನು ಆಸೆಪಟ್ಟ ಎರಡು ಬಿಡಿ ಕಾರ್ಡ್. ಡಬ್ಬಿ ಒಯ್ಯಲಿಲ್ಲ ಅಂತ ಅವನು ಬೇಜಾರಾಗಲಿಲ್ಲ.

ಊರಿನಲ್ಲಿ ಅವನ ಹತ್ತಿರ ಜಾತ್ರೆಯಲ್ಲಿ ಕೊಂಡ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡಿನ ಕಟ್ಟೂ ಇತ್ತು. ಅವೆಲ್ಲ ನಕಲಿ. ಅಸಲಿ ಕಾರ್ಡ್ ಕಾಗದದ ಪದರಗಳದ್ದು, ನಡುವೆ ಸಾಮಾನ್ಯವಾಗಿ ಕಪ್ಪು ಪದರ ಇರುತ್ತದೆ. ಟಾರ್ಚ್ ಹಿಡಿದರೆ ಬೆಳಕು ಸುಲಭವಾಗಿ ದಾಟುವುದಿಲ್ಲ. ಅವನಿಗೆ ತೋರಿಸಿದೆ, ಆದರೆ ಆ ಕಟ್ಟನ್ನು ಎಸೆಯಲು ಹೇಳಲಿಲ್ಲ. ಅದೂ ಅವನು ಜೋಪಾನ ಮಾಡಿದ್ದೇ.

ಮಲೆನಾಡಿನವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಮಳೆಗಾಲದ ತೇವಕ್ಕೆ ಫಾಯಿಲ್ ಕಾರ್ಡ್ ಹಪ್ಪಳದ ಹಾಗೆ ಬಾಗುತ್ತದೆ. ಒಡೆದ ಕೂಡಲೇ ಸ್ಲೀವ್‌ಗೆ (ಕಾರ್ಡಿನ ಅಳತೆಯ ಪ್ಲಾಸ್ಟಿಕ್ ಚೀಲ) ಹಾಕಿ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ ಇಡಿ. ಪ್ಯಾಕ್ ಒಡೆಯುವಾಗ ಮಕ್ಕಳು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾರೆ, ಮೂಲೆ ಮುಕ್ಕಾಗುತ್ತದೆ. ಕಾರ್ಡನ್ನು ಕೆಳಕ್ಕೆ ಜಾರಿಸಿಕೊಂಡು, ಮೇಲಿನ ಅಂಚಿನ ಎರಡು ಬದಿಯನ್ನು ಚಿಟಿಕೆಯಲ್ಲಿ ಹಿಡಿದು ನಿಧಾನ ಬಿಡಿಸಲು ಹೇಳಿಕೊಡಿ.