ಬ್ರಿಸ್ಟಲ್‌ಗೆ ಹೊಸದಾಗಿ ಬಂದವರಿಗೆ: ರೆಡ್‌ಕ್ಲಿಫ್ ಚರ್ಚಿಗೊಮ್ಮೆ ಹೋಗಿ ಬನ್ನಿ

ಟೆಂಪಲ್ ಮೀಡ್ಸ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸೇಂಟ್ ಮೇರಿ ರೆಡ್‌ಕ್ಲಿಫ್ ಸಿಗುತ್ತದೆ. ಅದರ ಚೂಪು ಗೋಪುರವನ್ನು ನೀವು ಆಗಲೇ ದೂರದಿಂದ ನೋಡಿರುತ್ತೀರಿ. ನಮ್ಮವರು ಎಷ್ಟೋ ಜನ ವರ್ಷಗಟ್ಟಲೆ ಅದರ ಮುಂದೆಯೇ ಓಡಾಡುತ್ತಾರೆ, ಒಳಗೆ ಕಾಲಿಡುವುದಿಲ್ಲ. ನಾವು ಹೋಗಬಹುದೋ ಇಲ್ಲವೋ ಅನ್ನೋ ಸಂಕೋಚ ಅಷ್ಟೇ. ಹೋಗಬಹುದು. ಟಿಕೆಟ್ ಇಲ್ಲ, ನಿಮ್ಮ ಧರ್ಮ ಯಾವುದು ಅಂತ ಯಾರೂ ಕೇಳುವುದಿಲ್ಲ.

ಇದು ಕ್ಯಾಥೆಡ್ರಲ್ ಅಲ್ಲ, ಗಾತ್ರ ನೋಡಿ ಎಲ್ಲರೂ ಹಾಗೆ ಅಂದುಕೊಳ್ಳುತ್ತಾರೆ. ಕ್ಯಾಥೆಡ್ರಲ್, ಅಂದರೆ ಬಿಷಪ್ಪರ ಚರ್ಚು, ಕಾಲೇಜ್ ಗ್ರೀನ್ ಹತ್ತಿರ ಇದೆ. ಇದು ಪ್ಯಾರಿಷ್ ಚರ್ಚು, ಅಂದರೆ ಸುತ್ತಲಿನ ಬೀದಿಗಳ ಜನರ ಚರ್ಚು. ಬಂದರಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ಸಾಹುಕಾರರು ತಲೆಮಾರುಗಟ್ಟಲೆ ಇದಕ್ಕೆ ಸುರಿದರು, ಅದಕ್ಕೇ ಇಷ್ಟು ದೊಡ್ಡದು. 1446ರಲ್ಲಿ ಸಿಡಿಲು ಬಡಿದು ಗೋಪುರದ ತುದಿ ಬಿತ್ತು. ಆಮೇಲೆ ನಾನೂರು ವರ್ಷಕ್ಕೂ ಜಾಸ್ತಿ ಮೊಂಡಾಗಿಯೇ ನಿಂತಿತ್ತು, ಪೂರ್ತಿಯಾಗಿದ್ದು 1872ರಲ್ಲಿ.

ಚಪ್ಪಲಿ, ಶೂ ಬಿಡಬೇಕಾಗಿಲ್ಲ. ಗಂಡಸರು ಟೋಪಿ ತೆಗೆದರೆ ಸಾಕು. ಬೆಂಚಿನ ಹತ್ತಿರ ಕಸೂತಿ ಹಾಕಿದ ಸಣ್ಣ ದಿಂಬು ಇರುತ್ತದೆ, ಅದು ಮಂಡಿಯೂರಿ ಪ್ರಾರ್ಥಿಸುವುದಕ್ಕೆ. ಮಕ್ಕಳು ಅದರ ಮೇಲೆ ಹತ್ತಿ ಕುಣಿಯದಂತೆ ನೋಡಿಕೊಳ್ಳಿ. ಪ್ರಾರ್ಥನೆ ನಡೆಯುತ್ತಿದ್ದರೆ ಓಡಾಡಬೇಡಿ, ಫೋಟೋ ತೆಗೆಯಬೇಡಿ, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತುಬಿಡಿ. ರೊಟ್ಟಿ, ವೈನ್ ಕೊಡುವ ಹೊತ್ತಿಗೆ ಎಲ್ಲರೂ ಎದ್ದರು ಅಂತ ನೀವೂ ಏಳಬೇಕಾಗಿಲ್ಲ. ಅದು ಪ್ರಸಾದದ ಥರ ಬಂದವರಿಗೆಲ್ಲ ಹಂಚುವಂಥದ್ದಲ್ಲ, ಅವರ ನಂಬಿಕೆಗೆ ಸೇರಿದ್ದು. ಕೂತಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ, ಅಪ್ಪ ಅಮ್ಮ ಊರಿಂದ ಬಂದಿದ್ದರೆ ಸ್ವೆಟರ್ ಹಾಕಿಸಿಯೇ ಕರೆದುಕೊಂಡು ಹೋಗಿ. ಮತ್ತೆ, ಪುಕ್ಕಟೆ ಅಂತ ಹಾಗೇ ಬರಬೇಡಿ, ಇಂಥ ಕಲ್ಲಿನ ಕಟ್ಟಡದ ರಿಪೇರಿ ಮುಗಿಯುವಂಥದ್ದಲ್ಲ. ಕೈಲಾದಷ್ಟು ಹಾಕಿ.

ಒಳಗೆ ಹೋದ ಮೇಲೆ ಮೊದಲು ಕತ್ತೆತ್ತಿ. ಗೋಥಿಕ್ ಅಂದರೆ ಏನು ಅಂತ ಅಲ್ಲೇ ಅರ್ಥವಾಗುತ್ತದೆ: ಚೂಪು ಕಮಾನು, ಬಲೆಯ ಹಾಗೆ ಹರಡಿದ ಕಲ್ಲಿನ ಪಟ್ಟಿಗಳು. ಛಾವಣಿಯ ಭಾರವನ್ನು ಕಂಬಗಳೂ ಹೊರಗಿನ ಆನಿಕೆಗಳೂ ಹೊರುತ್ತವೆ, ಹಾಗಾಗಿ ಗೋಡೆಯ ಜಾಗದಲ್ಲಿ ಅಷ್ಟು ದೊಡ್ಡ ಗಾಜಿನ ಕಿಟಕಿ ಇಡುವುದಕ್ಕೆ ಆಗಿದೆ. ಆ ಪಟ್ಟಿಗಳು ಕೂಡುವ ಕಡೆಯಲ್ಲೆಲ್ಲ ಒಂದೊಂದು ಕೆತ್ತಿದ ಗುಬುಟು, ಬಹುತೇಕ ಎಲ್ಲಕ್ಕೂ ಚಿನ್ನದ ಲೇಪ. ಇವು ಒಂದು ಸಾವಿರಕ್ಕೂ ಹೆಚ್ಚಿವೆ. ಬೇಲೂರಿನಲ್ಲಿ ಛಾವಣಿಯ ಭುವನೇಶ್ವರಿ ಕೆತ್ತನೆ ನೋಡುವುದಕ್ಕೆ ಕತ್ತು ನೋಯಿಸಿಕೊಂಡವರಿಗೆ ಇದು ಹೊಸದೇನಲ್ಲ. ಬೈನಾಕ್ಯುಲರ್ ಇದ್ದರೆ ತನ್ನಿ, ಇಲ್ಲದಿದ್ದರೆ ಫೋನಿನ ಜೂಮ್. ಉತ್ತರದ ಪಕ್ಕಸಾಲಿನಲ್ಲಿ ಒಂದು ಗುಬುಟಿನ ಮೇಲೆ ಪುಟಾಣಿ ಚಕ್ರವ್ಯೂಹ ಇದೆ. ಅದನ್ನು ಹುಡುಕುವ ಕೆಲಸ ಮಕ್ಕಳಿಗೆ ಕೊಟ್ಟರೆ ನಿಮಗೆ ಅರ್ಧ ಗಂಟೆ ಬಿಡುವು. ಸಿಗದಿದ್ದರೆ ಅಲ್ಲಿ ಇರುವ ಸ್ವಯಂಸೇವಕರನ್ನು ಕೇಳಿ. ಹೆಚ್ಚಿನವರು ನಿವೃತ್ತರು, ಮಾತಾಡುವುದಕ್ಕೆ ಕಾಯುತ್ತಿರುತ್ತಾರೆ!

ವಿಲಿಯಂ ಕ್ಯಾನಿಂಜಸ್ ಅನ್ನುವವನ ಪ್ರತಿಮೆ ಎರಡಿವೆ, ಎರಡನ್ನೂ ನೋಡಿ. ಹಡಗುಗಳ ಒಡೆಯ, ಐದು ಸಲ ಮೇಯರ್ ಆಗಿದ್ದವನು. ಒಂದರಲ್ಲಿ ಹೆಂಡತಿಯ ಪಕ್ಕ ಸಾಹುಕಾರನಾಗಿ ಮಲಗಿದ್ದಾನೆ, ಇನ್ನೊಂದರಲ್ಲಿ ಒಬ್ಬನೇ, ಪಾದ್ರಿಯ ಉಡುಪಿನಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಎಲ್ಲ ಬಿಟ್ಟು ಪಾದ್ರಿಯಾದ. ರಾಜ ಇನ್ನೊಂದು ಮದುವೆಗೆ ಒತ್ತಾಯ ಮಾಡಿದ, ಅದರಿಂದ ತಪ್ಪಿಸಿಕೊಳ್ಳುವುದಕ್ಕೇ ಹೀಗೆ ಮಾಡಿದ ಅಂತ ಒಂದು ಕಥೆಯೂ ಇದೆ. ತಿಮಿಂಗಿಲದ ಮೂಳೆ ಒಂದಿದೆ, ಬ್ರಿಸ್ಟಲ್‌ನಿಂದ ಉತ್ತರ ಅಮೆರಿಕಕ್ಕೆ ಹೋದ ನಾವಿಕ ಜಾನ್ ಕ್ಯಾಬಟ್ 1497ರ ಯಾನದಿಂದ ತಂದದ್ದಂತೆ. ಸಾಹಿತ್ಯ ಓದಿದವರಿಗೆ: ಕವಿ ಕೋಲ್‌ರಿಜ್ ಮದುವೆ 1795ರಲ್ಲಿ ಇಲ್ಲೇ ಆಯಿತು.

ನನ್ನ ಕೇಳಿದರೆ, ನಮ್ಮಂಥವರು ತಪ್ಪದೆ ನೋಡಬೇಕಾದದ್ದು ಒಂದು ಹೊಸ ಕಿಟಕಿ. ಎಡ್ವರ್ಡ್ ಕಾಲ್‌ಸ್ಟನ್ ಗುಲಾಮರ ವ್ಯಾಪಾರದಲ್ಲಿ ಪಾಲಿದ್ದವನು. 2020ರ ಜೂನ್‌ನಲ್ಲಿ ಜನ ಅವನ ಪ್ರತಿಮೆಯನ್ನು ಎಳೆದು ಬಂದರಿನ ನೀರಿಗೆ ಹಾಕಿದರು. ಅದೇ ತಿಂಗಳು ಇಲ್ಲಿ ಅವನ ಹೆಸರಿನಲ್ಲಿದ್ದ ಗಾಜುಗಳನ್ನೂ ತೆಗೆದರು. ಆ ಜಾಗಕ್ಕೆ ಬಂದ ಹೊಸ ಗಾಜಿನಲ್ಲಿ 1963ರ ಬ್ರಿಸ್ಟಲ್ ಬಸ್ ಬಹಿಷ್ಕಾರ ಇದೆ. ಕಪ್ಪು ಜನರನ್ನೂ ಏಷ್ಯಾದವರನ್ನೂ ಬಸ್ಸಿನ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಅಂದಿದ್ದಕ್ಕೆ ನಡೆದ ಹೋರಾಟ ಅದು. ಗೆದ್ದ ಮೇಲೆ ಸೇರಿದ ಮೊದಲ ಬಿಳಿಯೇತರ ಕಂಡಕ್ಟರ್ ಒಬ್ಬ ಸಿಖ್, ರಘಬೀರ್ ಸಿಂಗ್. ನಾವು ಇವತ್ತು ಇಲ್ಲಿ ಆಫೀಸಿಗೆ ಹೋಗಿ ಬರುವುದು ಎಷ್ಟು ಸಲೀಸು ಅನ್ನಿಸುತ್ತದೆ, ಅಲ್ವಾ?

ಹೊರಗೆ ಅಂಗಳದಲ್ಲಿ ಒಂದು ಟ್ರಾಮ್ ಹಳಿ ನೆಲಕ್ಕೆ ಚುಚ್ಚಿಕೊಂಡು ನಿಂತಿದೆ. 1941ರ ಗುಡ್ ಫ್ರೈಡೇ ದಿನ ಜರ್ಮನ್ ಬಾಂಬು ಪಕ್ಕದ ರಸ್ತೆಯಿಂದ ಕಿತ್ತು ಮನೆಗಳ ಮೇಲಿಂದ ಎಸೆದದ್ದು. ಹಾಗೇ ಬಿಟ್ಟಿದ್ದಾರೆ. ಚರ್ಚಿನ ಬೆಕ್ಕಿಗೂ ಒಂದು ಸಮಾಧಿ ಕಲ್ಲು ಇದೆ, 1912–1927.

ಮಕ್ಕಳಿಗೆ ಚಕ್ರವ್ಯೂಹ ಇಷ್ಟವಾದರೆ ಬೆಡ್‌ಮಿನ್‌ಸ್ಟರ್ ಕಡೆಯ ವಿಕ್ಟೋರಿಯಾ ಪಾರ್ಕಿಗೂ ಹೋಗಿ. ಅದೇ ವಿನ್ಯಾಸವನ್ನು ಅಲ್ಲಿ ನೆಲದ ಮೇಲೆ ದೊಡ್ಡದಾಗಿ ಮಾಡಿ ನೀರು ಹರಿಸಿದ್ದಾರೆ. 1190ರಲ್ಲಿ ಚರ್ಚಿಗೆ ದಾನವಾಗಿ ಬಂದ ಬುಗ್ಗೆಯ ನೀರಿನ ಪೈಪು ಹಾದುಹೋದ ದಾರಿ ಅದು, ಈಗಲೂ ವರ್ಷಕ್ಕೊಮ್ಮೆ ಚರ್ಚಿನವರು ಆ ದಾರಿಯುದ್ದಕ್ಕೂ ನಡೆಯುತ್ತಾರೆ. ಬ್ಯಾಗಿನಲ್ಲಿ ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಂಡು ಹೋಗಿ.